ಹತ್ತೊಂಬತ್ತು ಅರ್ಥದ ಅಳಿಯ

ರತುಪಾರ
ಕಾರ್ತಿಕ ಕೃಷ್ಣ ಪಂಚಮಿ, ಫಸಲಿ ೧೩೬೫

ತಮ್ಮ ಭವೇಶನಿಗೆ ಅಕ್ಕ ಸುಭಗಾ ಬರೆಯುವುದು.

ಆಶೀರ್ವಾದ. ಅದು ನೀನು ಹುಟ್ಟಿದಾಗಲೇ ಕೊಟ್ಟದ್ದು, ವಾಪಸು ತೆಗೆದುಕೊಳ್ಳಲು ಬರುವುದಿಲ್ಲ, ಅದಕ್ಕೇ ಬರೆದೆ. ಆರೋಗ್ಯ ವಿಚಾರಿಸುವುದಿಲ್ಲ. ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದೆ, ನಾಲಿಗೆ ತಿರುಗುವುದಿಲ್ಲ, ಮಿಕ್ಕಿದ್ದೆಲ್ಲ ಸರಿಯಿದೆ ಎಂದು ನೀನೇ ಬರೆದಿದ್ದೀಯ. ದೇವರು ಇಷ್ಟು ದೊಡ್ಡ ಮೈ ಬಿಟ್ಟು ಹುಡುಕಿ ಹುಡುಕಿ ನಾಲಿಗೆಗೇ ಹೊಡೆದನಲ್ಲ, ಅವನೂ ನಿನ್ನ ಪಾಠಶಾಲೆಯಲ್ಲಿ ಸ್ವಲ್ಪ ದಿನ ಕಲಿತು ಹೋದವನಿರಬೇಕು.

ನಿನ್ನ ಕಾಗದ ನಿನ್ನೆ ಬಂತು. ನಾನು ಎರಡನೆಯ ತರಗತಿಗೇ ಶಾಲೆ ಬಿಟ್ಟವಳು, ನಿನ್ನ ಸಂಸ್ಕೃತ ಬೆರೆಸಿದ ಬರವಣಿಗೆ ಓದಲು ಹೊತ್ತು ಹಿಡಿಯುತ್ತದೆ. ಗಟ್ಟಿಯಾಗಿ ಓದಿದರೇ ತಲೆಗೆ ಹೋಗುವುದು. ಹಾಗಾಗಿ ಅಂಗಳದಲ್ಲಿ ಕೂತು, ನಿನ್ನ ಹಾಗೇ ಮೂಗಿನಲ್ಲಿ ರಾಗ ಎಳೆದು ಓದಿದೆ. ನಿನ್ನ ಮಗಳು ತ್ರಿಪುರಾ ಎದುರಿಗೇ ಮೊರ ಇಟ್ಟುಕೊಂಡು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ಒಂದು ಸಲ ನಗಲಿ ಅಂತ ಓದಿದೆ. "ಗೃಹಿಣಿಗೆ ಪತಿಗೃಹವೇ ಧರ್ಮಕ್ಷೇತ್ರ" ಎನ್ನುವ ಕಡೆ ಮೂಗು ಮುಚ್ಚಿಕೊಂಡೆ. "ಪೂರ್ಣಿಮೆಗೆ ಮೊದಲು ಅವಳು ಹಿಂದಿರುಗದಿದ್ದರೆ ಅಳಿಯ ವೇದಕಾಂತನು ಪಂಡಿತಸಭೆಯಲ್ಲಿ ನನ್ನ ಪಕ್ಕ ಕೂರುವುದಿಲ್ಲವಂತೆ, ನಾನು ಒಬ್ಬನೇ ಕೂರಬೇಕಾಗುವುದು" ಎನ್ನುವ ಕಡೆ ಎದೆ ಬಡಿದುಕೊಂಡು ಅತ್ತು ತೋರಿಸಿದೆ. ಪಕ್ಕದ ಮನೆಯವರು ಯಾರು ಸತ್ತರು ಅಂತ ಇಣುಕಿದರು. ತ್ರಿಪುರಾ ನಗಲಿಲ್ಲ. ಅಕ್ಕಿಯಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು.

ನನ್ನ ಉತ್ತರ ಇಷ್ಟೇ. ಕಳಿಸುವುದಿಲ್ಲ. ಇದಕ್ಕೆ ಒಂದು ಕಾರ್ಡು ಸಾಕಿತ್ತು. ಆದರೆ ನೀನು ಕೊನೆಯಲ್ಲಿ "ಅವಳು ಏಕೆ ಗಂಡನ ಮನೆ ಬಿಟ್ಟು ನಿನ್ನಲ್ಲಿಗೆ ಬಂದಳೆಂದು ಯಾರೂ ನನಗೆ ತಿಳಿಸಲಿಲ್ಲ" ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಲಕೋಟೆ ತರಿಸಿದೆ. ತಿಳಿಸುತ್ತೇನೆ. ಬೆನ್ನಿಗೆ ದಿಂಬು ಇಟ್ಟುಕೊಂಡು ಓದು.

ಮದುವೆಯಿಂದಲೇ ಶುರು ಮಾಡುತ್ತೇನೆ. ನಮ್ಮವರು ಮಗಳಿಗೆ ಗಂಡು ಹುಡುಕಲು ವರರ ತೋಪಿಗೆ ಹೋದರೆ ಏನು ಮಾಡುತ್ತಾರೆ? ಮಾವಿನ ಮರದಡಿ ಚಾಪೆ ಹಾಸಿಕೊಂಡು ಕೂತ ಹುಡುಗರನ್ನು ನೋಡುತ್ತಾರೆ. ರಕ್ತಸಂಬಂಧ ಅಡ್ಡ ಬರುವುದಿಲ್ಲ ಎಂದು ವಂಶಾವಳಿಯವರಿಂದ ತಾಳೆಗರಿಯ ಮೇಲೆ ಬರೆಸಿಕೊಳ್ಳುತ್ತಾರೆ. ಹೊಲ ಇದೆಯೇ, ಕೊಳ ಇದೆಯೇ, ಅತ್ತೆಯ ಬಾಯಿ ಹೇಗೆ ಎಂದು ಹಜಾಮನನ್ನು ಬಿಟ್ಟು ವಿಚಾರಿಸುತ್ತಾರೆ. ನೀನು ವ್ಯಾಕರಣದ ಧಾತು ಕೇಳಿದೆ. ಹೆಂಗಸರು ಆ ತೋಪಿಗೆ ಕಾಲಿಡುವಂತಿಲ್ಲ, ಸರಿ. ಆದರೆ ನಿನ್ನ ಜೊತೆ ಬಂದಿದ್ದ ಹಜಾಮ ಬತಹು ಅಲ್ಲಿ ನಡೆದದ್ದನ್ನೆಲ್ಲ ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತು ನಾಟಕದ ಹಾಗೆ ಆಡಿ ತೋರಿಸಿದ್ದಾನೆ.

ಮೊದಲು ಸಿಕ್ಕಿದವನು ಮುನೇಶ್ವರ ಪಾಠಕ ಎಂಬ ಹುಡುಗ. ಸಮಸ್ತೀಪುರದಲ್ಲಿ ರೈಲು ಗೋದಾಮಿನ ಗುಮಾಸ್ತ. ನೀನು ಅವನ ಚಾಪೆಯ ಮುಂದೆ ಕೂತು, ಹೆಸರು ಕೂಡ ಕೇಳದೆ, "ಅವ್ ಧಾತುವಿನ ಅರ್ಥ ಹೇಳು" ಅಂದೆಯಂತೆ. ಹುಡುಗ ಚಿಕ್ಕಂದಿನಲ್ಲಿ ಎಲ್ಲೋ ಕಲಿತಿದ್ದ. ರಕ್ಷಣ, ಗತಿ, ಕಾಂತಿ, ಪ್ರೀತಿ, ತೃಪ್ತಿ, ಅವಗಮ ಎಂದು ಅಲ್ಲಿಯವರೆಗೆ ಬಂದು ತಲೆ ಕೆರೆದುಕೊಂಡ.

"ಮುಂದೆ?" ಅಂದೆ ನೀನು.

"ಮುಂದೆ ಮರ್ತೋಯ್ತು ಪಂಡಿತ್‌ಜಿ. ಕಾಪಾಡು, ಜೊತೆಲಿ ನಡಿ, ಪ್ರೀತಿ ಮಾಡು, ಅರ್ಥ ಮಾಡ್ಕೊ. ಇಷ್ಟು ನೆನಪಿದೆ. ಸಂಸಾರ ಮಾಡಕ್ಕೆ ಸಾಕಾಗಲ್ವಾ?"

ಸುತ್ತ ಕೂತವರು ನಕ್ಕರು. ಬತಹುವೂ ನಕ್ಕನಂತೆ. ನೀನು ಪಂಚೆ ಕೊಡವಿಕೊಂಡು ಎದ್ದೆ. ಆ ಹುಡುಗ ಹಿಂದೆಯೇ ಬಂದು ಬತಹುವಿನ ಭುಜ ಹಿಡಿದು, "ಹೋಗ್ಲಿ ಬಿಡು ಮಾರಾಯ, ಹುಡುಗಿಗೆ ಯಾವ ಮೀನು ಇಷ್ಟ, ಅದಾದ್ರೂ ಹೇಳ್ಹೋಗು" ಎಂದು ಕೇಳಿದ. ನಿನಗೆ ಕೇಳಿಸಿತ್ತು. ನೀನು ತಿರುಗಲಿಲ್ಲ.

ಆಮೇಲೆ ಇನ್ನೂ ಎಷ್ಟೋ ಚಾಪೆಗಳ ಮುಂದೆ ಕೂತೆ, ಎದ್ದೆ. ಕಡೆಗೆ ನಿನ್ನ ಶಿಷ್ಯನೇ ಸಿಕ್ಕ. ವೇದಕಾಂತ. ರಕ್ಷಣದಿಂದ ಹಿಡಿದು ಪ್ರವೇಶ, ಶ್ರವಣ, ಸ್ವಾಮ್ಯರ್ಥ, ಯಾಚನ, ಕ್ರಿಯಾ, ಇಚ್ಛಾ, ದೀಪ್ತಿ, ಅವಾಪ್ತಿ, ಆಲಿಂಗನ, ಹಿಂಸಾ, ದಾನ, ಭಾಗ, ವೃದ್ಧಿ, ಹತ್ತೊಂಬತ್ತೂ ಒಂದೇ ಉಸಿರಿನಲ್ಲಿ. ನೀನು ಕೇಳದಿದ್ದರೂ ಕೊನೆಯಿಂದ ಮೊದಲಿಗೂ ಒಂದು ಸಲ ಹೇಳಿದ. ನಿನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಬತಹು ಹೇಳಬೇಕಾಗಿಲ್ಲ, ಮನೆಗೆ ಬಂದಾಗಲೂ ನಿನ್ನ ಕಣ್ಣು ಒದ್ದೆಯಾಗಿಯೇ ಇತ್ತು.

"ದೀದಿ, ಒಂದಕ್ಷರ ಜಾರ್ಲಿಲ್ಲ. ಇಂಥವ್ನ ಬೇರೆ ಮನೆಗೆ ಬಿಟ್ಕೊಡೋದುಂಟಾ?" ಅಂದೆ.

"ಹುಡುಗಿನ ಚೆನ್ನಾಗಿ ನೋಡ್ಕೋತಾನಾ?" ಅಂತ ನಾನು ಕೇಳಿದೆ.

"ಮೊದಲನೇ ಅರ್ಥವೇ ರಕ್ಷಣೆ" ಅಂದೆ ನೀನು. ತಮಾಷೆಗೆ ಹೇಳಿದ್ದರೆ ಕ್ಷಮಿಸುತ್ತಿದ್ದೆ. ನೀನು ಸಾಕ್ಷಿ ಹೇಳುವವನ ಮುಖ ಮಾಡಿಕೊಂಡು ಹೇಳಿದೆ.

ತಾಯಿಯಿಲ್ಲದ ಹುಡುಗಿ. ನಿನ್ನ ಹೆಂಡತಿ ಸತ್ತ ಮೇಲೆ ನಾನು ಎತ್ತಿ ಬೆಳೆಸಿದವಳು. ನನ್ನನ್ನು ಎರಡನೆಯ ಮಾತು ಕೇಳಲಿಲ್ಲ ನೀನು.

ಅವನನ್ನು ಬೇರೆಯವರಿಗೆ ಬಿಟ್ಟುಕೊಡಬಾರದು ಅಂದದ್ದು ಯಾಕೆ ಎಂದು ನನಗೆ ಗೊತ್ತಿಲ್ಲವೇ? ಮಗಳಿಗೆ ಗಂಡ ಬೇಕಾಗಿತ್ತೋ ಇಲ್ಲವೋ, ನಿನ್ನ ವಾದಕ್ಕೆ ವಾರಸುದಾರ ಬೇಕಾಗಿತ್ತು. ಆ ವಾದವನ್ನು ನಾನು ಈ ಗಂಡನ ಮನೆಗೆ ವಾಪಸು ಬರುವವರೆಗೆ ನಿನ್ನ ಒಲೆಯ ಮುಂದೆ ಕೂತು ಅರ್ಧ ಆಯುಷ್ಯ ಕೇಳಿದ್ದೇನೆ. ಋಷಿಗಳು ಧಾತುವನ್ನು ಬರಿದೇ ಕೊಟ್ಟರು, ಅರ್ಥಗಳನ್ನು ಆಮೇಲೆ ಯಾರೋ ತಂದು ಅಂಟಿಸಿದರು, ಹಾಗಾಗಿ ಒಂದಕ್ಕೊಂದು ಹೊಂದುವುದಿಲ್ಲ ಎನ್ನುತ್ತಾರೆ ಎದುರು ಪಕ್ಷದವರು. ಇಲ್ಲ, ರಕ್ಷಣೆ ಎಂಬುದೊಂದೇ ಬೀಜ, ಮಿಕ್ಕ ಹದಿನೆಂಟು ಅದರ ಕೊಂಬೆ ಎನ್ನುತ್ತೀಯ ನೀನು. ಓಂಕಾರ ಕೂಡ ಅದೇ ಧಾತುವಿನಿಂದ ಬಂತು ಎನ್ನುತ್ತೀಯ. ಕಾಯುವವನು ನಡೆದು ಬರಬೇಕು, ಅದಕ್ಕೆ ಗತಿ. ಕೂಗಿದರೆ ಕೇಳಬೇಕು, ಅದಕ್ಕೆ ಶ್ರವಣ. ಬಾಗಿಲು ದಾಟಿ ಒಳಗೆ ಬರಬೇಕು, ಅದಕ್ಕೆ ಪ್ರವೇಶ. ಯಾರಾದರೂ ತುಂಟರು "ಹಿಂಸೆ ಎಲ್ಲಿಂದ ಬಂತು ಗುರುಗಳೇ?" ಎಂದು ಕೇಳಿದರೆ ತೊಡೆ ತಟ್ಟಿ, "ಕಾಯೋನು ಶತ್ರುನ ಕೊಲ್ಬೇಕಲ್ಲಯ್ಯ" ಎನ್ನುತ್ತಿದ್ದೆ. ಕೇಳಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ಮೀನು ಹುರಿಯುತ್ತಾ ಕೇಳುತ್ತಿದ್ದೆ. ವಿಧವೆ ಮೀನು ತಿನ್ನಬಾರದು, ನಿನ್ನ ಶಿಷ್ಯರಿಗೆ ಹುರಿದು ಬಡಿಸಲು ಅಡ್ಡಿಯಿಲ್ಲ.

ಆ ಹತ್ತೊಂಬತ್ತನ್ನು ನೀನು ಕಲಿಸುತ್ತಿದ್ದ ರೀತಿಯನ್ನೂ ಬರೆಯುತ್ತೇನೆ, ನೀನು ಮರೆತಿರಬಹುದು. ಎಲ್ಲಿ ತಪ್ಪಿದರೋ ಅಲ್ಲಿಗೆ ಅಂಗೈ ಮೇಲೆ ಬಿದಿರ ಸೀಳಿನ ಏಟು. ಆಮೇಲೆ ಮತ್ತೆ ರಕ್ಷಣದಿಂದ ಶುರು. ಮಿಕ್ಕ ಹುಡುಗರು ಅತ್ತರು, ಕೂಗಿದರು, ಓಡಿಹೋದರು. ಒಬ್ಬ ಕಲ್ಕತ್ತೆಯಲ್ಲಿ ಅಡುಗೆಯವನಾಗಿದ್ದಾನೆ, ನಿನ್ನ ಹೆಸರೆತ್ತಿದರೆ ಈಗಲೂ ಉಗಿದು ಬಾಯಿ ತೊಳೆಯುತ್ತಾನಂತೆ. ವೇದಕಾಂತ ಓಡಲಿಲ್ಲ. ಅವನಿಗೆ ಆಗ ಹೋಗಲು ಮನೆಯಿರಲಿಲ್ಲ, ಅವನ ಅಮ್ಮ ತನ್ನ ಅಣ್ಣನ ಮನೆಯಲ್ಲಿ ಭತ್ತ ಕುಟ್ಟಿ ಉಣ್ಣುತ್ತಿದ್ದಳು. ಅನ್ನ ಕಲಸಲಾಗದೆ ತಟ್ಟೆ ನೋಡುತ್ತಾ ಕೂತಿರುತ್ತಿದ್ದ. ನಾನು ಸಾಸಿವೆ ಎಣ್ಣೆಗೆ ಅರಿಶಿನ ಹಾಕಿ ಹಚ್ಚಿದರೆ ಕೈ ಎಳೆದುಕೊಳ್ಳುತ್ತಿರಲಿಲ್ಲ, ಉಪಕಾರವಾಯಿತು ಅನ್ನುವ ಮುಖವನ್ನೂ ಮಾಡುತ್ತಿರಲಿಲ್ಲ. "ಹುಡುಗ ಗಟ್ಟಿ" ಎಂದು ನೀನು ಹೊಗಳಿದೆ. ಹೌದು, ಗಟ್ಟಿಯೇ.

ಈಗ ನೀನು ಕೇಳಿದ್ದಕ್ಕೆ ಬಂದೆ.

ದ್ವಿರಾಗಮನ ಮಾಡಿ ಹುಡುಗಿಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಹೊಳೆಯಾಚೆ ಕಳಿಸಿದೆವಲ್ಲ. ಗಂಡ ಕುಡಿಯುವುದಿಲ್ಲ. ಬೇರೆ ಹೆಂಗಸಿಲ್ಲ. ಬೈಯುವುದೂ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಳ್ಳುತ್ತಾನೆ.

"ಅವ್ ಧಾತುವಿನ ಅರ್ಥ ಹೇಳು."

ಅವಳಿಗೆ ನೀನು ಅಕ್ಷರ ಕಲಿಸಿದವನಲ್ಲ. ಹೆಣ್ಣಿಗೆ ಯಾಕೆ ಅಂದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡದ್ದು ಅಷ್ಟಿಷ್ಟು ಬರುತ್ತಿತ್ತು. ಎಡವಿದ ಕಡೆ ಬಿದಿರ ಸೀಳು. ಮತ್ತೆ ಮೊದಲಿಂದ. ಕಲಿತುಬಿಟ್ಟರೆ ನಿಲ್ಲಿಸುತ್ತಾನೆ ಎಂದುಕೊಂಡು ಹುಚ್ಚುಮುಂಡೇದು ಹಗಲೆಲ್ಲ ಒಲೆಯ ಮುಂದೆ, ಕೊಳದ ಮೆಟ್ಟಿಲ ಮೇಲೆ, ಭತ್ತ ಬೇಯಿಸುವಾಗ ಬಾಯಿಪಾಠ ಮಾಡಿದಳು. ಒಂದು ದಿನ ಹತ್ತೊಂಬತ್ತನ್ನೂ ತಪ್ಪಿಲ್ಲದೆ ಹೇಳಿದಳು. ಅವನು ಬಿದಿರ ಸೀಳನ್ನು ಗೋಡೆಗೆ ಒರಗಿಸಿ, "ನಾಳೆ ಬೇರೆ ಧಾತು" ಅಂದ.

ಅತ್ತೆ ಎಲ್ಲ ನೋಡುತ್ತಿದ್ದಳು. "ಗಂಡ ಕೂರಿಸ್ಕೊಂಡು ಓದಿಸ್ತಾನೆ, ಯಾರಿಗುಂಟು ಈ ಭಾಗ್ಯ" ಅಂದಳಂತೆ.

ಬಲಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಅಂಗೈ ಬಾತುಕೊಂಡು ಬೆಂದ ಗೆಣಸಿನ ಹಾಗಾಗಿದೆ. ಈಳಿಗೆ ಮಣೆಯ ಮುಂದೆ ಕೂತು ಒಂದು ಮೀನು ಹೆಚ್ಚಲಾರಳು, ಮುಷ್ಟಿಯಲ್ಲಿ ಅಕ್ಕಿ ನಿಲ್ಲುವುದಿಲ್ಲ. ಕೋಜಾಗರದ ಹಬ್ಬಕ್ಕೆ ಮೊದಲು ಒಂದು ಮಧ್ಯಾಹ್ನ ಉಟ್ಟ ಸೀರೆಯಲ್ಲಿ ದೋಣಿ ಇಳಿದು ನನ್ನ ಬಾಗಿಲಿಗೆ ಬಂದು ನಿಂತಳು. ನಾನು ಕೇಳಿದ್ದಕ್ಕೆಲ್ಲ "ಏನಿಲ್ಲ ಪೀಸಿ" ಅಂದಳು. ಊಟಕ್ಕೆ ಕೂತಾಗ ಎಡಗೈ ಮುಂದೆ ಬಂತು. ಆಗ ಗೊತ್ತಾಯಿತು.

ನಿನ್ನ ವೇದಕಾಂತನೂ ಬಂದಿದ್ದ, ನಿನಗೆ ಹೇಳಿರಲಾರ. ಅಳಿಯನನ್ನು ಓಝಾಜಿ ಎಂದು ಕರೆಯಬೇಕು, ನನ್ನ ಬಾಯಲ್ಲಿ ಬರಲಿಲ್ಲ. ಕಾಲಿಗೆ ನೀರು ಕೊಟ್ಟೆ, ಎಲೆ ಅಡಿಕೆ ಕೊಟ್ಟೆ, ಅಷ್ಟು ಕೊಡದಿದ್ದರೆ ನನ್ನ ಗಂಡನ ಮನೆತನದ ಮಾನ ಹೋಗುತ್ತದೆ. ಮಂಚದ ತುದಿಯಲ್ಲಿ ಕೂತ. ಚೆನ್ನಾಗಿ ಮಾತಾಡುತ್ತಾನೆ, ದನಿ ಕೂಡ ಎತ್ತುವುದಿಲ್ಲ.

"ಹೊಡೆದಿಲ್ಲ ಪೀಸಿ. ಪಾಠ ಹೇಳ್ಕೊಟ್ಟೆ."

"ನಂಗೂ ಹೇಳ್ಕೊಡಪ್ಪ. ಕೈ ಚಾಚ್ತೀನಿ" ಅಂದೆ.

"ನಿಮ್ಗೆ ವಯಸ್ಸಾಯ್ತು, ತಲೇಲಿ ನಿಲ್ಲಲ್ಲ" ಎಂದು ನಕ್ಕ. ಆಮೇಲೆ ಎಲೆಯ ತೊಟ್ಟು ಮುರಿಯುತ್ತಾ ಹೇಳಿದ. "ಗುರುಗಳು ನಂಗೆ ಎಷ್ಟು ವರ್ಷ ಹೇಳ್ಕೊಟ್ರು, ನೀವೇ ನೋಡಿದೀರಿ. ನೀವ್ಯಾರೂ ಆಗ ಬೇಡ ಅನ್ಲಿಲ್ಲ. ಅವ್ರು ಕೊಟ್ಟಿದ್ದನ್ನ ಅವ್ರ ಮಗಳಿಗೆ ಕೊಡ್ತಿದೀನಿ, ಹೊರಗಿನವ್ರಿಗೆ ಕೊಟ್ಟಿಲ್ಲ."

ಒಲೆಯಿಂದ ಕೊಳ್ಳಿ ಎಳೆದುಕೊಂಡು ಬಂದೆ. ಅವನು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು, "ಪೂರ್ಣಿಮೆ ಒಳಗೆ ಇವ್ಳು ಬರ್ದೇ ಇದ್ರೆ ಗುರುಗಳ ಪಕ್ಕ ಕೂರಕ್ಕೆ ಬೇರೆಯವ್ರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಡಿ" ಎಂದು ಒಳಗಿದ್ದ ತ್ರಿಪುರಾಗೆ ಕೇಳುವ ಹಾಗೆ ಹೇಳಿ ಹೋದ.

ಭವೇಶ, ಅವನು ಹೊಡೆಯುತ್ತಿರುವುದು ನಿನಗೆ. ನಿನ್ನ ಬೆನ್ನು ಅವನಿಗೆ ಸಿಗುವುದಿಲ್ಲ, ಗುರು ಅಲ್ಲವೇ. ಇವಳ ಕೈ ಸಿಗುತ್ತದೆ. ನಿನ್ನಿಂದ ಕಲಿತವರಲ್ಲಿ ಅವನೊಬ್ಬನೇ ಪೂರ್ತಿ ಕಲಿತವನು, ಅದರಲ್ಲಿ ಅನುಮಾನ ಬೇಡ.

ಇನ್ನು ನಿನ್ನ ಸಭೆ. ಆ ಸಭೆಯ ಕಟ್ಟಳೆ ನನಗೂ ಗೊತ್ತು. ಮುದಿ ಪಂಡಿತನಿಗೆ ಬಾಯಿ ಬರದಿದ್ದರೆ ಶಿಷ್ಯ ಪಕ್ಕದಲ್ಲಿ ಕೂತು ಅವನ ಬಾಯಾಗಬೇಕು. ಶಿಷ್ಯನಿಲ್ಲದೆ ಬಂದವನ ಮಾತು ಅವನ ಜೊತೆಗೇ ಸತ್ತ ಹಾಗೆ, ವಾದ ಶುರುವಾಗುವ ಮೊದಲೇ ಸೋತ. ತಲೆಗೆ ಮರ್ಯಾದೆಯ ಪಾಗ್ ಪೇಟ ಇಲ್ಲ, ಪಂಚೆ ಜೋಡಿ ಇಲ್ಲ, ಹೆಸರು ಹಿಡಿದು ಕೂಗುವುದೂ ಇಲ್ಲ. ಹೋಗಿ ಒಬ್ಬನೇ ಕೂರು. ಆಯುಷ್ಯವೆಲ್ಲ ಹಿಡಿದುಕೊಂಡು ಕೂತ ರಕ್ಷಣೆಯನ್ನು ಆ ಸೊಟ್ಟ ಬಾಯಲ್ಲಿ ನೀನೇ ಹೇಳು. ಜೊಲ್ಲು ಸುರಿದರೆ ಒರೆಸಿಕೊಳ್ಳಲು ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ಹೋಗು. ಜನ ನಗುತ್ತಾರೆ, ನಗಲಿ. ಬೇಕೇ ಬೇಕು ಅಂದರೆ ಒಂದು ಗಿಣಿ ಸಾಕು. ಹತ್ತೊಂಬತ್ತನ್ನೂ ಹೇಳುತ್ತದೆ, ಸಂಜೆ ಹೆಂಡತಿಯ ಕೈ ಬಿಚ್ಚಿಸುವುದಿಲ್ಲ.

"ವಂಶದ ಕೀರ್ತಿ" ಎಂದು ಮೂರು ಕಡೆ ಬರೆದಿದ್ದೀಯ. ಒಂದು ಕಡೆಯೂ "ತ್ರಿಪುರಾ ಹೇಗಿದ್ದಾಳೆ" ಎಂ‌ದು ಬರೆದಿಲ್ಲ.

ಅಮ್ಮ ಸತ್ತಾಗ ನಿನಗೆ ಹಲ್ಲು ಬಂದಿರಲಿಲ್ಲ. ನನ್ನ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಿದ್ದೆ, ಎಳೆದುಕೊಂಡರೆ ಏಳುತ್ತಿದ್ದೆ, ನಾನು ಕೂತಲ್ಲೇ ಕೂತಿರುತ್ತಿದ್ದೆ. ಲಕ್ವದ ಸುದ್ದಿ ಬಂದಾಗ ನನಗೆ ಮೊದಲು ಬಂದ ಯೋಚನೆ, ಅನ್ನ ಹೇಗೆ ಉಣ್ಣುತ್ತಾನೋ, ಗಂಜಿ ಮಾಡಿ ಹಾಕುವವರು ಯಾರೋ ಎಂದು. ಹೊರಡಲು ಗಂಟು ಕೂಡ ಕಟ್ಟಿದ್ದೆ. ಅಷ್ಟರಲ್ಲಿ ಇವಳು ಬಂದಳು. ಗಂಟು ಬಿಚ್ಚಿದೆ. ಈಗ ನೀನು ಉಣ್ಣುತ್ತೀಯೋ ಉಪವಾಸ ಇರುತ್ತೀಯೋ ನನಗೆ ಬೇಕಾಗಿಲ್ಲ. ಬಾರ್ಲಿ ಗಂಜಿಗೆ ಉಪ್ಪು ಕಡಿಮೆ ಹಾಕಿಸಿಕೋ.

ನಾನು ಇರುವವರೆಗೆ ಅವಳು ಈ ಅಂಗಳ ದಾಟುವುದಿಲ್ಲ. ನೀನು ಬಂದರೂ ಅಷ್ಟೆ, ಅವನು ಪಂಚಾಯತಿ ಕರೆತಂದರೂ ಅಷ್ಟೆ. ಕೊಳ್ಳಿ ಇನ್ನೂ ಒಲೆಯಲ್ಲೇ ಇದೆ.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿ ಈಗ ಬೆನ್ನು ನೋವು ಅನುಭವಿಸುತ್ತಿರುವ
ಸುಭಗಾ

ತಾ. ಕ. ಟಪಾಲಿನವನು ಬರುವುದು ತಡವಾಯಿತು, ಹಾಗಾಗಿ ಲಕೋಟೆ ಅಂಟಿಸಿರಲಿಲ್ಲ. ಇವತ್ತು ಬೆಳಗ್ಗೆ ಕಾರ್ತಿಕದ ಸ್ನಾನಕ್ಕೆ ಕೊಳಕ್ಕೆ ಹೋಗಿ ಬರುವಷ್ಟರಲ್ಲಿ ಮನೆ ಖಾಲಿ. ನನಗೆ ಅನ್ನ ಮಾಡಿ ಮುಚ್ಚಿಟ್ಟಿದ್ದಾಳೆ. ದೋಣಿ ನಡೆಸುವವನ ಹೆಂಡತಿ ದುಖಿಯಾ ಬಂದು ಹೇಳಿದಳು, ಅವಳೇ ಹೊಳೆ ದಾಟಿಸಿದ್ದು. ಏನಾದರೂ ಹೇಳಿದಳಾ ಎಂದು ಕೇಳಿದೆ. "ಬಾಬೂಜಿ ಸಭೇಲಿ ಒಬ್ರೇ ಕೂರ್ಬಾರ್ದು ಅಂತ ಪೀಸಿಗೆ ಹೇಳು ಅಂದ್ಲಮ್ಮ" ಅಂದಳು. ಗಂಡನ ಮನೆಗೆ ಬಳೆಯಿಲ್ಲದ ಬರಿಗೈಯಲ್ಲಿ ಹೋಗಬಾರದು ಎಂದು ಸೆರಗಿನ ಗಂಟಿನಿಂದ ಅರಗಿನ ಬಳೆ ಬಿಚ್ಚಿಕೊಂಡಳಂತೆ. ಎಡಗೈಗೆ ತಾನೇ ಹಾಕಿಕೊಂಡಳು. ಬಲಗೈಗೆ ಹತ್ತಲಿಲ್ಲ. ಕೈಯನ್ನು ಹೊಳೆಯಲ್ಲಿ ಅದ್ದಿ ದುಖಿಯಾ ಒತ್ತಿ ಒತ್ತಿ ಏರಿಸಿದಳಂತೆ. ಅತ್ತದ್ದು ದುಖಿಯಾ, ಇವಳಲ್ಲ. ಮೇಲೆ ಬರೆದದ್ದನ್ನು ಹರಿದುಹಾಕಬೇಕೆಂದಿದ್ದೆ, ಹರಿಯಲಿಲ್ಲ. ನೀನು ಸಭೆಗೆ ಹೋಗು. ಅವನು ಪಕ್ಕದಲ್ಲಿ ಕೂರುತ್ತಾನೆ.